ಹಿಮವಿಲ್ಲದ ಊರಿನಲ್ಲಿ ಹಿಮದ ಹಾಕಿ

ಹಾಕಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹುಲ್ಲಿನ ಬಯಲು, ಧ್ಯಾನಚಂದರ ಕೋಲು. ಅದೇ ಹೆಸರಿನ ಮತ್ತೊಂದು ಆಟವುಂಟು. ಅದು ನಡೆಯುವುದು ಮಂಜುಗಡ್ಡೆಯ ಮೇಲೆ. ತಂಡಕ್ಕೆ ಆರು ಮಂದಿ. ಕಾಲಲ್ಲಿ ಉಕ್ಕಿನ ಅಲಗು ಕೂಡಿಸಿದ ಪಾದರಕ್ಷೆ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಕೆನಡಾದ ಚಳಿಯಲ್ಲಿ ಬೆಳೆದ ಈ ಆಟವು ಅಮೇರಿಕೆಯ ದಕ್ಷಿಣ ಭಾಗದ ಷಾರ್ಲಟ್ ನಗರದಲ್ಲಿ ಬೇರೂರಿದ ಬಗೆಯನ್ನು ವಾಚಕರಿಗೆ ತಿಳಿಸಬಯಸುತ್ತೇವೆ.

ಷಾರ್ಲಟ್ ಇರುವುದು ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ. ಸುತ್ತಲೂ ಹತ್ತಿಯ ಗಿರಣಿಗಳಿಂದ ಹೆಸರಾದ ಸೀಮೆ. 1955ರಲ್ಲಿ ಅಲ್ಲಿ ಉಕ್ಕಿನ ಗುಮ್ಮಟವುಳ್ಳ ದೊಡ್ಡ ಕ್ರೀಡಾಭವನವೊಂದು ತೆರೆಯಿತು. ಇಂತಹ ಭವನಗಳಲ್ಲಿ ನೆಲದಡಿಯ ಕೊಳವೆಗಳಲ್ಲಿ ಅತಿ ಶೀತಲವಾದ ದ್ರವವನ್ನು ಹರಿಸಿ, ಮೇಲೆ ಪದರಪದರವಾಗಿ ನೀರೆರೆದು ಹೆಪ್ಪುಗಟ್ಟಿಸುತ್ತಾರೆ. ಹೊರಗೆ ಬಿಸಿಲಿದ್ದರೂ ಒಳಗೆ ಹಿಮ.

ಆದರೆ ಊರಿಗೆ ಸ್ವಂತ ತಂಡವಿರಲಿಲ್ಲ. ಅದನ್ನು ತಂದುದು ಒಂದು ದುರಂತ. 1956ರ ಜನವರಿಯಲ್ಲಿ ಬಾಲ್ಟಿಮೋರ್ ನಗರದ ಕ್ಲಿಪ್ಪರ್ಸ್ ತಂಡದ ಆಟದ ಮನೆಯು ಬೆಂಕಿಗೆ ಆಹುತಿಯಾಯಿತು. ನೆಲೆಯಿಲ್ಲದಾದ ತಂಡವು ಷಾರ್ಲಟಿಗೆ ಬಂದಿತು. ಮೊದಲ ಪಂದ್ಯಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸೇರಿದರು. ಸ್ಥಳ ಸಾಲದೆ ಸಾವಿರಾರು ಮಂದಿ ಹಿಂದಿರುಗಿದರು. ಮರುವರ್ಷವೇ ತಂಡವು ಈಸ್ಟರ್ನ್ ಲೀಗಿನ ಪ್ರಶಸ್ತಿಯನ್ನು ಗೆದ್ದು ಊರಿನ ಋಣ ತೀರಿಸಿತು. 1960ರಲ್ಲಿ ಅದಕ್ಕೆ ಚೆಕರ್ಸ್ ಎಂಬ ಹೆಸರಾಯಿತು.

ಆಟಗಾರರಲ್ಲಿ ಹೆಚ್ಚಿನವರು ಕೆನಡಾದವರು. 1967ರವರೆಗೆ ಮೇಲಿನ ರಾಷ್ಟ್ರೀಯ ಲೀಗಿನಲ್ಲಿದ್ದುದು ಆರೇ ತಂಡಗಳು. ಅಲ್ಲಿ ಸ್ಥಾನ ದೊರೆಯದ ಸಮರ್ಥರಿಗೆ ಕೆಳಗಿನ ಲೀಗುಗಳೇ ಅನ್ನದ ದಾರಿ. ಅವರು ಕೆಲಸ ಸಿಕ್ಕ ಊರಿಗೆ ಹೋದರು.

ಅನ್ನದ ದಾರಿ ಎಂದೂ ಭದ್ರವಲ್ಲ. 1973ರಲ್ಲಿ ಈಸ್ಟರ್ನ್ ಲೀಗು ಮುಗಿಯಿತು. ಹೊಸದಾಗಿ ಹುಟ್ಟಿದ ಸದರ್ನ್ ಲೀಗಿನಲ್ಲಿ ಚೆಕರ್ಸ್ 1975 ಮತ್ತು 1976ರಲ್ಲಿ ಪ್ರಶಸ್ತಿ ಗೆದ್ದಿತು. ಆದರೂ 1977ರ ಜನವರಿಯಲ್ಲಿ, ಋತುವಿನ ನಡುವೆಯೇ, ಆ ಲೀಗು ಮುಚ್ಚಿತು. ಗೆದ್ದವರೂ ಸೋತವರೂ ಒಂದೇ ದಿನ ನಿರುದ್ಯೋಗಿಗಳಾದರು. ಆಟ ಬಲ್ಲವನಿಗೂ ಲೆಕ್ಕದ ಪುಸ್ತಕವೇ ಯಜಮಾನ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹದಿನಾರು ವರ್ಷ ಊರಿಗೆ ತಂಡವಿರಲಿಲ್ಲ. 1993ರಲ್ಲಿ ಹೊಸ ತಂಡ ಬಂದಾಗ ಅದಕ್ಕೆ ಇಟ್ಟುದು ಹಳೆಯ ಚೆಕರ್ಸ್ ಹೆಸರನ್ನೇ. 1996ರಲ್ಲಿ ಅದು ತನ್ನ ಲೀಗನ್ನು ಗೆದ್ದಿತು. 2010ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಿಂದ ಮೇಲ್ದರ್ಜೆಯ ಇನ್ನೊಂದು ತಂಡ ವಲಸೆ ಬಂದು ಅದೇ ಹೆಸರನ್ನು ತಳೆಯಿತು; 2015ರಲ್ಲಿ 1955ರ ಹಳೆಯ ಭವನಕ್ಕೇ ಮರಳಿತು; 2019ರಲ್ಲಿ ಕಾಲ್ಡರ್ ಕಪ್ಪನ್ನು ಗೆದ್ದಿತು.

ತಂಡಗಳು ಮೂರು, ಹೆಸರು ಒಂದು. ನಮ್ಮ ವಾಚಕರಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಬಂದವರ ಹೆಸರನ್ನು ಅವರು ಹೋದ ಮೇಲೂ ಉಳಿಸಿಕೊಂಡ ಊರೊಂದುಂಟೆಂಬುದು ಅವರಿಗೆ ಸಮಾಧಾನದ ಮಾತಾದೀತೆಂದು ನಂಬಿದ್ದೇವೆ.