ದಾರಕ್ಕೆಷ್ಟಾಯಿತು?

"ದಾರಕ್ಕೆಷ್ಟಾಯಿತು, ಹೇಳಿಬಿಡಿ ಟೀಚರಮ್ಮ." ಕುಚ್ಚು ಕಟ್ಟಿಸಿಕೊಂಡ ಸೀರೆಯನ್ನು ಮಡಿಸಿ ಚೀಲದೊಳಗೆ ಇಡುತ್ತ ಜನ ಕೇಳುವ ಈ ಪ್ರಶ್ನೆಯನ್ನು ನಾನು ಹನ್ನೊಂದು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಪ್ರಶ್ನೆಯಲ್ಲಿ ಕೆಡುಕಿಲ್ಲ, ಪ್ರೀತಿಯೇ ಇದೆ. ನಮ್ಮ ಕಡೆ ಹೆಂಗಸಿನ ಕೈಹೊಲಿಗೆಯೆಂದರೆ ಹಿತ್ತಲಿನ ಕರಿಬೇವಿದ್ದಂತೆ. ಕೇಳಿದವರಿಗೆ ಒಂದೆಸಳು ಕಿತ್ತು ಕೊಡಬೇಕಾದುದು, ಮಾರಬೇಕಾದುದಲ್ಲ. ದಾರವೊಂದು ಮಾತ್ರ ಅಂಗಡಿಯಿಂದ ಬಂದುದಾದ್ದರಿಂದ, ಅದರ ದುಡ್ಡು ಕೊಟ್ಟರೆ ಋಣ ತೀರಿತೆಂದು ಕೊಡುವವರೂ ನಂಬುತ್ತಾರೆ, ಪಡೆಯುವವರೂ ನಂಬುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ.

ಹಗಲು ನಾನು ಹುಣಸೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ರಾತ್ರಿ ಸೆರಗಿಗೆ ಕುಚ್ಚು ಕಟ್ಟುತ್ತೇನೆ, ಸೀರೆಯಂಚಿಗೆ ಫಾಲ್ ಹೊಲಿಯುತ್ತೇನೆ. ಸರ್ಕಾರಿ ಶಾಲೆಯಲ್ಲಿದ್ದಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ಮೊದಲು ೧೯೬೬ರ ನಡತೆ ನಿಯಮಗಳು, ಅವುಗಳ ಸ್ಥಾನದಲ್ಲಿ ಬಂದ ೨೦೨೧ರ ನಿಯಮಗಳು, ಎರಡೂ ರಾಜ್ಯ ಸರ್ಕಾರದ ನೌಕರರು ಅನುಮತಿಯಿಲ್ಲದೆ ಖಾಸಗಿ ವ್ಯಾಪಾರಕ್ಕೆ ಇಳಿಯುವುದನ್ನು ತಡೆಯುತ್ತವೆ. ನನಗೆ ಆ ತಡೆಯಿಲ್ಲ. ಆ ಸಂಬಳವೂ ಇಲ್ಲ. ತಿಂಗಳಿಗೆ ೧೮,೦೦೦ ರೂಪಾಯಿ ಬರುತ್ತದೆ. ಸೂಜಿ ಕೈಗೆ ಬಂದುದು ಆ ಕಾರಣದಿಂದ. ಕೈಯಲ್ಲೇ ಉಳಿದುದು, ಒಪ್ಪಿಕೊಳ್ಳುತ್ತೇನೆ, ಅದರಲ್ಲಿ ಸಿಕ್ಕ ಸುಖದಿಂದ.

ನಮ್ಮ ಊರಿಗೆ ಹೊಲಿಗೆಯ ನಂಟು ಹೊಸದೇನಲ್ಲ. ಅಮೃತಮಹಲ್ ದನಗಳ ಕೇಂದ್ರವಾಗಿದ್ದ ಹುಣಸೂರಿನಲ್ಲಿ ಮದ್ರಾಸ್ ಸೇನೆಯ ಕಮಿಸರಿಯಟ್ ಇಲಾಖೆಯು ಚರ್ಮ ಹದಮಾಡುವ ಕಾರ್ಖಾನೆಯನ್ನೂ ಕಂಬಳಿಯ ಕಾರ್ಖಾನೆಯನ್ನೂ ನಡೆಸುತ್ತಿತ್ತು. ೧೮೬೪ರಲ್ಲಿ ಅವು ನಿಂತುಹೋದುವು. ಆದರೆ ಕಲಿತ ಕೈಗಳು ನಿಲ್ಲಲಿಲ್ಲ. ಒಳ್ಳೆಯ ಕಂಬಳಿಯೂ ಬೂಟೂ ಮುಂದೆಯೂ ಇಲ್ಲಿ ತಯಾರಾಗುತ್ತಿದ್ದುವೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಆ ಕೈಗಳ ಕೂಲಿಗೆ ಒಂದು ಕಾಲಂ ಇದ್ದೇ ಇದ್ದಿರಬೇಕು. ಮನೆಯ ಹೊಲಿಗೆಗೆ ಅಂಥ ಕಾಲಮ್ಮೇ ಇಲ್ಲ.

ಕುಚ್ಚು ಕಟ್ಟುವುದೆಂದರೇನೆಂದು ತಿಳಿಯದ ಪುರುಷ ಓದುಗರಿಗಾಗಿ ಎರಡು ಮಾತು. ರೇಷ್ಮೆ ಸೀರೆಯ ಸೆರಗಿನ ಕೊನೆಯಲ್ಲಿ ನೇಯದೆ ಬಿಟ್ಟ ಹಾಸುನೂಲುಗಳ ಎಳೆಗಳಿರುತ್ತವೆ. ಅವನ್ನು ಸಮವಾಗಿ ಪಾಲುಮಾಡಿ, ಒಂದೊಂದು ಪಾಲನ್ನೂ ಗಂಟುಹಾಕಿ, ಸೀರೆಯ ಬಣ್ಣಕ್ಕೆ ಒಪ್ಪುವ ರೇಷ್ಮೆದಾರ ಸೇರಿಸಿ, ಕತ್ತಿನಲ್ಲಿ ಜರಿದಾರ ಸುತ್ತಿ, ತುದಿಗಳನ್ನು ಒಂದೇ ಅಳತೆಗೆ ಕತ್ತರಿಸಬೇಕು. ಸಾದಾ ಕುಚ್ಚಿಗೆ ನನಗೆ ಮೂರು ಗಂಟೆ ಹಿಡಿಯುತ್ತದೆ. ಮಣಿ ಪೋಣಿಸಿ ಕ್ರೋಶಾ ಹೆಣೆಯುವುದಾದರೆ ಎಂಟು ಗಂಟೆ. ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಗಾಂಧೀಜಿ ೧೯೨೪ರಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಕೈಯಲ್ಲಿ ಹೊಲಿದು ಬಳಲುತ್ತಿದ್ದ ಹೆಂಡತಿಯ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದನೆಂಬ ಕಥೆ ಅವರ ಮನಸ್ಸನ್ನು ತಟ್ಟಿತ್ತು. ನನ್ನ ಮನೆಯಲ್ಲಿಯೂ ಒಂದು ಯಂತ್ರವಿದೆ. ಆದರೆ ನಾನು ಕಟ್ಟುವ ಕುಚ್ಚಿಗೆ ಅದು ಬರುವುದಿಲ್ಲ. ಅದು ಪೂರ್ತಿ ಬೆರಳುಗಳ ಕೆಲಸ.

ಸೀರೆಗಳು ನಾಲ್ಕು ತಾಲ್ಲೂಕುಗಳಿಂದ ಬರುತ್ತವೆ. ಕೆ.ಆರ್. ನಗರದಿಂದ ದಿನವೂ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯೊಬ್ಬರು ತಮ್ಮ ಬೀದಿಯವರ ಸೀರೆಗಳನ್ನು ತರುತ್ತಾರೆ. ಎಚ್.ಡಿ. ಕೋಟೆಯ ನಾದಿನಿ, ಪಿರಿಯಾಪಟ್ಟಣದ ಅತ್ತಿಗೆ ಅಲ್ಲಿಯವರನ್ನು ಕಳುಹಿಸುತ್ತಾರೆ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಬರುವವರೂ ಹೆಚ್ಚಿದರು. ದಾರ ತರಲು ಮೈಸೂರಿಗೆ ಹೋಗಿಬರುವ ನನ್ನ ಖರ್ಚೂ ಉಳಿಯಿತು.

ಈ ಕೆಲಸಕ್ಕೂ ಬೆಳೆಯಂತೆ ಕಾಲವಿದೆ. ಆಷಾಢದಲ್ಲಿ ಸೂಜಿಗೆ ರಜೆ. ಶ್ರಾವಣದ ವರಮಹಾಲಕ್ಷ್ಮಿಗೆ ಉಸಿರಾಡಲು ಬಿಡುವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆ ಹೊಗೆಸೊಪ್ಪಿನ ಹರಾಜು ನಡೆದು ಕೈಯಲ್ಲಿ ಹಣವಾಡಿದಾಗ ಮದುವೆಯ ಸೀರೆಗಳು ಹೊರಬರುತ್ತವೆ. ನಾಲೆಯ ನೀರಿನ ಕೆ.ಆರ್. ನಗರದಲ್ಲಿ ಭತ್ತದ ಕೊಯ್ಲು ಮುಗಿಯುವುದನ್ನು ಕಾಯಬೇಕು. ಇವೆಲ್ಲದರ ನಡುವೆ ಶಾಲೆಯ ಪರೀಕ್ಷೆಗಳು ತಮ್ಮದೇ ಪಂಚಾಂಗದಂತೆ ಬರುತ್ತವೆ.

ಎರಡು ಪಂಚಾಂಗಗಳೂ ಡಿಕ್ಕಿ ಹೊಡೆದುದು ಮೂರು ವರ್ಷದ ಹಿಂದೆ. ದಸರಾ ರಜೆಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆ. ನವರಾತ್ರಿಗೆಂದು ಒಪ್ಪಿಕೊಂಡ ಹದಿನಾಲ್ಕು ಸೀರೆ. ರಾತ್ರಿ ಒಂದರವರೆಗೆ ಕುಚ್ಚು ಕಟ್ಟಿ, ಆಮೇಲೆ ಉತ್ತರಪತ್ರಿಕೆ ತಿದ್ದಿದೆ. ಅಂಕಪಟ್ಟಿ ಕೊಟ್ಟ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಎಂಬತ್ತಕ್ಕೆ ೬೧ ಪಡೆದವಳಿಗೆ ನಾನು ೧೬ ಎಂದು ಬರೆದಿದ್ದೆ. ತಿದ್ದಿಕೊಟ್ಟೆ, ಕ್ಷಮೆ ಕೇಳಿದೆ. "ಪರವಾಗಿಲ್ಲ ಮಿಸ್" ಎಂದಳು. ಆದರೆ ಹಿಂದಿನ ಸಂಜೆಯೇ ಆ ಅಂಕ ಅವಳ ಮನೆಗೆ ತಲುಪಿತ್ತು. ಅಲ್ಲಿ ಏನಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅದೇ ವಾರ ಹತ್ತಿರದ ಹಳ್ಳಿಯ ಹೆಂಗಸೊಬ್ಬಳು ತಂಗಿಯ ಸೀರೆ ಒಯ್ಯಲು ಬಂದಳು. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಮುಂದೆ ಕುಳಿತು ಕಡ್ಡಿಗೆ ಹಸಿರೆಲೆ ಕಟ್ಟುವ ಕೂಲಿ ಅವಳದು. "ಎಷ್ಟು ಕೊಡಬೇಕು?" ಎಂದಳು. ಅಭ್ಯಾಸಬಲದಿಂದ ನಾನೇ ಹೇಳಿದೆ: "ದಾರಕ್ಕೆ ನಲವತ್ತಾಯಿತು, ನಿಮಗೆ ತೋಚಿದ್ದು ಸೇರಿಸಿ ಕೊಡಿ." ಅವಳು ನಕ್ಕಳು. "ಅಲ್ಲ ಟೀಚರಮ್ಮ, ಸೊಪ್ಪು ಕಟ್ಟೋಕೆ ಹೋದ್ರೆ ನಮಗೆ ಕೂಲಿ ಕೊಡ್ತಾರೋ, ದಾರದ ದುಡ್ಡು ಕೊಡ್ತಾರೋ? ಓದಿದೋರು ನೀವು, ಕೂಲಿ ಕೇಳಕ್ಕೆ ನಾಚ್ಕೊಂಡು ಕೂತಿದ್ದೀರಲ್ಲ!"

ಆ ರಾತ್ರಿ ಸೂಜಿಯನ್ನು ಮುಟ್ಟದೆ ಪೆನ್ಸಿಲು ಹಿಡಿದು ಕುಳಿತೆ. ತಿಂಗಳಿಗೆ ಇಪ್ಪತ್ತಾರು ದಿನ, ದಿನಕ್ಕೆ ಏಳು ಗಂಟೆ, ಒಟ್ಟು ೧೮೨ ಗಂಟೆಗೆ ೧೮,೦೦೦ ರೂಪಾಯಿ; ಅಂದರೆ ಶಾಲೆ ನನ್ನ ಗಂಟೆಯೊಂದಕ್ಕೆ ಸುಮಾರು ನೂರು ರೂಪಾಯಿ ಕೊಡುತ್ತದೆ. ಸಾದಾ ಕುಚ್ಚಿಗೆ ಸಾಮಾನ್ಯವಾಗಿ ನನ್ನ ಕೈಸೇರುತ್ತಿದ್ದುದು ೧೫೦. ದಾರದ ನಲವತ್ತು ಕಳೆದರೆ ಉಳಿದುದು ೧೧೦. ಮೂರು ಗಂಟೆಗೆ ಹಂಚಿದರೆ ಗಂಟೆಗೆ ಮೂವತ್ತಾರು ರೂಪಾಯಿ ಚಿಲ್ಲರೆ. ಹಗಲಿನ ನನ್ನ ಗಂಟೆಗೆ ನೂರಾದರೆ, ನಿದ್ದೆಗೆಟ್ಟ ಗಂಟೆಗೆ ಮೂವತ್ತಾರೆ? ಕೂಲಿ ಕಡಮೆಯಾದುದರಿಂದಲೇ ಸೀರೆಗಳನ್ನು ಹೆಚ್ಚಾಗಿ ಒಪ್ಪಿಕೊಳ್ಳುತ್ತಿದ್ದೆ. ಹೆಚ್ಚಾಗಿ ಒಪ್ಪಿಕೊಂಡುದರಿಂದಲೇ ೬೧ ತಿರುಗಿ ೧೬ ಆಗಿತ್ತು. ನನ್ನ ಸಂಕೋಚದ ದಂಡವನ್ನು ಆ ಹುಡುಗಿ ತೆತ್ತಿದ್ದಳು.

ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. ಅದಕ್ಕೂ ಹಿಂದೊಮ್ಮೆ ಅವಸರದಲ್ಲಿ ಕೆಂಗಂದು ಬಣ್ಣದ ಫಾಲೊಂದನ್ನು ನೀರಿನಲ್ಲಿ ನೆನೆಸಿ ನೋಡದೆ, ಕೆನೆಬಣ್ಣದ ರೇಷ್ಮೆ ಸೀರೆಗೆ ಹೊಲಿದುಬಿಟ್ಟಿದ್ದೆ. ಹತ್ತಿಯ ಫಾಲನ್ನು ಮೊದಲು ನೆನೆಸಿ ಒಣಗಿಸಿದರೆ ಮುಂದೆ ಅದು ಕುಗ್ಗಿ ಅಂಚನ್ನು ಎಳೆಯುವುದಿಲ್ಲ, ಬಣ್ಣ ಬಿಡುವುದಿದ್ದರೆ ಆಗಲೇ ಗೊತ್ತಾಗುತ್ತದೆ. ಹೊಲಿಗೆಯ ಮೊದಲ ಪಾಠವದು. ಆ ಸೀರೆಯ ಅಂಚಿನುದ್ದಕ್ಕೂ ಕೆಂಪು ಹರಿಯಿತು. ೪,೨೦೦ ರೂಪಾಯಿಯನ್ನು ಮೂರು ಕಂತಿನಲ್ಲಿ ತುಂಬಿಕೊಟ್ಟೆ. ಒಂದು ಫಾಲಿಗೆ ಖರ್ಚು ಕಳೆದು ನನಗುಳಿಯುತ್ತಿದ್ದುದು ಅರವತ್ತೈದು. ಎಂದರೆ ಒಂದು ತಪ್ಪಿಗೆ ಅರವತ್ತೈದು ಫಾಲುಗಳನ್ನು ಪುಕ್ಕಟೆಯಾಗಿ ಹೊಲಿದಂತಾಯಿತು. ಕೂಲಿಯ ಜೊತೆಗೆ ತಪ್ಪಿನ ಪಾಲನ್ನೂ ಎತ್ತಿಡದ ಕಸುಬು ಕಸುಬಲ್ಲವೆಂದು ಅಂದು ಅರ್ಥವಾಯಿತು.

ಮರುದಿನ ಒಂದು ಹಾಳೆಯ ಮೇಲೆ ದರ ಬರೆದು ಗೋಡೆಗೆ ಅಂಟಿಸಿದೆ. ಸಾದಾ ಕುಚ್ಚಿಗೆ ೩೬೦ ರೂಪಾಯಿ: ಕೂಲಿ ಮುನ್ನೂರು, ದಾರ ನಲವತ್ತು, ತಪ್ಪಿಗೆಂದು ಇಪ್ಪತ್ತು. ವಾರಕ್ಕೆ ನಾಲ್ಕೇ ಸೀರೆ. ಪರೀಕ್ಷೆಯ ವಾರಗಳಲ್ಲಿ ಒಂದೂ ಇಲ್ಲ. ರಾತ್ರಿ ಹತ್ತಕ್ಕೆ ಸೂಜಿ ಡಬ್ಬಿಯೊಳಗೆ.

ಹಾಳೆಯನ್ನು ಅಂಟಿಸುವಾಗ ಕೈ ನಡುಗಿತೆಂದರೆ ಓದುಗರು ನಗಬಾರದು. ಬಂಧುಗಳ ಮುಖವನ್ನು ಆ ಹಾಳೆಯ ಎದುರಿಗೆ ನಿಲ್ಲಿಸಿ ನೋಡಿದವರಿಗೆ ಅದರ ಕಷ್ಟ ತಿಳಿಯುತ್ತದೆ. ಪಿರಿಯಾಪಟ್ಟಣದ ಅತ್ತಿಗೆ ಅದನ್ನು ಓದಿ, "ನಮಗೂ ಇದೇ ರೇಟಾ?" ಎಂದು ಕೇಳಿದರು. "ನಿಮ್ಮ ಸೀರೆಗೆ ಬೇಡ ಅತ್ತಿಗೆ, ನೀವು ತರುವ ಬೇರೆಯವರ ಸೀರೆಗೆ ಮಾತ್ರ" ಎಂದೆ. ಅವರು ಏನೂ ಹೇಳದೆ ಚೀಲವನ್ನೆತ್ತಿಕೊಂಡು ಹೋದರು. ಮುಂದಿನ ವರ್ಷ ಮದುವೆಯೊಂದರಲ್ಲಿ ಅವರ ಸೆರಗಿನಲ್ಲಿ ಬೇರೊಬ್ಬರ ಕೈಯ ಕುಚ್ಚು ಕಂಡಿತು. ಚೆನ್ನಾಗಿಯೇ ಕಟ್ಟಿದ್ದರು. ಆ ಸಂಕಟ ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ತರಗತಿಯಲ್ಲಿ ಶರಣೆಯರ ವಿಷಯ ಬಂದಾಗಲೆಲ್ಲ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಹೇಳುತ್ತೇನೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬಾ ಎಂದವಳು ಲಕ್ಕಮ್ಮ. ಈ ಕಥೆಯನ್ನು ನಾವು ಆಸೆಯ ಖಂಡನೆಯೆಂದಷ್ಟೇ ಓದುತ್ತೇವೆ. ಕೂಲಿ ಕೇಳುವ ಹೆಂಗಸಿನ ಬಾಯಿ ಮುಚ್ಚಿಸುವುದಕ್ಕೂ ಅದನ್ನು ಬಳಸುವುದುಂಟು. ಆದರೆ ಲಕ್ಕಮ್ಮ ಮರಳಿಸಹೇಳಿದುದು ಹೆಚ್ಚಿನ ಅಕ್ಕಿಯನ್ನು, ಅಂದಂದಿನ ಪಾಲನ್ನಲ್ಲ. ಎಷ್ಟು ಹೆಚ್ಚೆಂದು ಹೇಳಬೇಕಾದರೆ ಎಷ್ಟು ಸರಿಯೆಂಬುದು ಅವಳಿಗೆ ಮೊದಲು ಗೊತ್ತಿರಬೇಕಲ್ಲವೆ? ಅಳತೆಯೇ ಇಲ್ಲದವಳು ಹೆಚ್ಚನ್ನೂ ಕಾಣಲಾರಳು, ಕಡಮೆಯನ್ನೂ ಕಾಣಲಾರಳು.

ಕಳೆದ ವರ್ಷ ೧೩೬ ಸೀರೆಗಳಿಗೆ ಸಾದಾ ಕುಚ್ಚು ಕಟ್ಟಿದೆ. ಕೂಲಿ ೪೦,೮೦೦ ರೂಪಾಯಿ. ಮೊದಲಿಗಿಂತ ಸೀರೆ ಕಡಮೆ, ಹಣ ಹೆಚ್ಚು, ನಿದ್ದೆಯೂ ಹೆಚ್ಚು. ಹಳೆಯ ಗಿರಾಕಿಗಳಲ್ಲಿ ಮೂರರಲ್ಲೊಬ್ಬರು ಬರುವುದನ್ನು ಬಿಟ್ಟಿದ್ದಾರೆ. ಬರುವವರಲ್ಲಿಯೂ ಕೆಲವರು ಇನ್ನೂ ದಾರದ ಬೆಲೆಯನ್ನೇ ಕೇಳುತ್ತಾರೆ; ನಾನು ಗೋಡೆಯ ಕಡೆ ನೋಡುತ್ತೇನೆ.

ಈ ಸಲದ ಹರಾಜು ಶುರುವಾದ ಮೇಲೆ ಆ ಸೊಪ್ಪು ಕಟ್ಟುವ ಹೆಂಗಸು ಮಗಳ ಮದುವೆಗೆಂದು ಮೂರು ಸೀರೆ ತಂದಳು. ಹಾಳೆಯನ್ನು ಓದಲು ಬಾರದವಳು, "ಕೂಲಿ ಎಷ್ಟು?" ಎಂದು ಬಾಯಿಬಿಟ್ಟು ಕೇಳಿದಳು. ಹೇಳಿದೆ. ಚೌಕಾಸಿ ಮಾಡದೆ ಎಣಿಸಿ ಕೊಟ್ಟಳು. ರಸೀತಿಯಲ್ಲಿ 'ಕೂಲಿ' ಎಂದೇ ಬರೆದು ಅವಳ ಕೈಗಿತ್ತೆ. ಆ ರಾತ್ರಿ ಒಂದೇ ಸೆರಗು ಮುಗಿಯಿತು. ಹತ್ತು ಹೊಡೆಯಿತು, ಸೂಜಿಯನ್ನು ಡಬ್ಬಿಗೆ ಹಾಕಿ ಮಲಗಿದೆ. ಬೆಳಗ್ಗೆ ಮೊದಲನೆಯ ಅವಧಿ ನನ್ನದಿತ್ತು.