ಮೊದಲು ಮುಳ್ಳು, ಆಮೇಲೆ ಸ್ಪೀಕರ್

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಿಮ್ಮನೆ ಅಟ್ಟದಲ್ಲಿ 1972ರ ‘ಬಂಗಾರದ ಮನುಷ್ಯ’ ಸಿನಿಮಾದ ಹಾಡಿನ ಪ್ಲೇಟು ಐತಾ? ಕೇಳೋ ಆಸೆಗೆ ದೊಡ್ಡ ಸ್ಪೀಕರ್ ತರೋಕೆ ಓಡ್ಬೇಡಿ. ಮೊದಲು ಪ್ಲೇಯರ್‌ನ ಮುಳ್ಳು ನೋಡಿ. ಪ್ಲೇಟಿನ ಗೀರಿಗೆ ತಾಗೋದು ಅದೊಂದೇ. ಸವೆದಿದ್ರೆ ಗೀರನ್ನೇ ಕೆರೆದುಹಾಕುತ್ತೆ, ಜಿ.ಕೆ. ವೆಂಕಟೇಶರ ಸಂಗೀತ, ಪಿ.ಬಿ. ಶ್ರೀನಿವಾಸರ ದನಿ, ಹೋದದ್ದು ಮತ್ತೆ ಬರಲ್ಲ. ಮುಳ್ಳಿನ ಭಾರ ಕಂಪನಿ ಹೇಳಿದಷ್ಟೇ ಇಡಿ. ಮುಳ್ಳು ಕೂರೋ ಇವತ್ತಿನ ಬಹಳಷ್ಟು ಕಾರ್ಟ್ರಿಜ್‌ಗೆ 2 ಗ್ರಾಂ ಆಸುಪಾಸು ಸಾಕು. ತಾತನ ಕಾಲದ ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟಿನ ಗೀರು ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು.

ಆಮೇಲೆ ಫೋನೋ ಪ್ರೀಆಂಪ್. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರೋದು ಸುಮಾರು 5 ಮಿಲಿವೋಲ್ಟ್ ಅಷ್ಟೇ. ಅದನ್ನ ಹಿಗ್ಗಿಸಿ, ಪ್ಲೇಟು ಕೆತ್ತುವಾಗ ತಗ್ಗಿಸಿದ ಮಂದ್ರ ಸ್ವರವನ್ನ ಮತ್ತೆ ಎತ್ತಿಕೊಡೋದು ಇದೇ.

ಸ್ಪೀಕರ್ ಕೊನೆಗೆ. ಮುಳ್ಳು ಸವೆದಿದ್ರೆ, ಹೊಸದು ಬರೋವರೆಗೂ ಆ ಪ್ಲೇಟು ಹಾಕ್ಲೇಬೇಡಿ.