ಬ್ಯಾಟರಿಗಿಂತ ಮೊದಲೇ ಬಂದ ಕಾರು

ಮಂಗಳೂರಿನ ಹಂಪನಕಟ್ಟೆಯಿಂದ ಸುರತ್ಕಲ್‌ಗೆ 20 ಕಿ.ಮೀ. ಒಳಗಿನ ದಾರಿ. ಉಡುಪಿಗೆ ಸುಮಾರು 60 ಕಿ.ಮೀ. ಮಡಿಕೇರಿಗೆ 130 ದಾಟುತ್ತದೆ, ಜೊತೆಗೆ ಘಟ್ಟವನ್ನೂ ಹತ್ತಬೇಕು. 2001ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ‘ರೇವಾ’ ವಿದ್ಯುತ್ ಕಾರು ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 80 ಕಿ.ಮೀ. ಓಡುತ್ತಿತ್ತು. ಸುರತ್ಕಲ್‌ಗೆ ಹೋಗಿಬರಲು ಅದು ಧಾರಾಳ. ಉಡುಪಿಗೆ ಹೋದರೆ ಅಲ್ಲಿ ಚಾರ್ಜ್ ಮಾಡದೆ ಮರಳುವಂತಿಲ್ಲ. ಮಡಿಕೇರಿಯ ಮಾತೇ ಬೇಡ. ಕರ್ನಾಟಕದ ಈ ಕಾರು ಕಂಪನಿಯ ಏಳುಬೀಳನ್ನು ಅರಿಯಲು ಈ ದೂರಗಳ ಲೆಕ್ಕದಿಂದಲೇ ಹೊರಡಬೇಕು.

ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಕಟ್ಟಿದವು. ಅದರ ಹಿಂದಿನ ಎಂಜಿನಿಯರ್ ಚೇತನ್ ಮೈನಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಸೌರ ಕಾರು ಕಟ್ಟಿದ ತಂಡದಲ್ಲಿದ್ದವರು ಅವರು. ರೇವಾದ ಉದ್ದ ಸುಮಾರು 2.6 ಮೀಟರ್. ಉಕ್ಕಿನ ಚೌಕಟ್ಟು, ಪ್ಲಾಸ್ಟಿಕ್ ಹೊದಿಕೆ, ಇಬ್ಬರು ದೊಡ್ಡವರಿಗೂ ಇಬ್ಬರು ಮಕ್ಕಳಿಗೂ ಜಾಗ. ಕ್ಲಚ್ ಇಲ್ಲ, ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜ್. 2004ರಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿಗೂ ಹೋಯಿತು. ಅಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳು ಕಟ್ಟಬೇಕಿದ್ದ ದಟ್ಟಣೆ ಶುಲ್ಕದಿಂದ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇದ್ದುದರಿಂದ ಅದಕ್ಕೆ ಗಿರಾಕಿಗಳು ಸಿಕ್ಕರು.

ಕಾರಿನ ಶಕ್ತಿಯೆಲ್ಲ ಆರು ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳಲ್ಲಿತ್ತು. ಮನೆಯ ಇನ್ವರ್ಟರಿನಲ್ಲಿರುವುದೂ ಇದೇ ಬಗೆ. ಎಂಟರ ತೂಕ ಕಾಲು ಟನ್ನಿಗೂ ಮಿಗಿಲು, ಅಷ್ಟರಲ್ಲಿ ತುಂಬಿದ್ದ ವಿದ್ಯುತ್ 9.6 ಯೂನಿಟ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂಬತ್ತು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಅಂದರೆ ರೇವಾ ಹೊತ್ತು ತಿರುಗುತ್ತಿದ್ದ ಅಷ್ಟೂ ಶಕ್ತಿ ಒಂದು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲಿಗೆ ಸಮ! ಅಷ್ಟರಲ್ಲೇ 80 ಕಿ.ಮೀ. ಓಡಿದ್ದು ಮೋಟಾರಿನ ದೊಡ್ಡತನ. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲುತ್ತದೆ, ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮೋಟಾರಿಗೆ ಖರ್ಚಿಲ್ಲ. ಬ್ರೇಕ್ ಹಾಕಿದಾಗ ಅದೇ ಮೋಟಾರು ಡೈನಮೋ ಆಗಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ.

ಮಂಗಳೂರಿನಂಥ ಏರಿಳಿತದ ಊರಿಗೆ ಇದು ಹೇಗೆ ಒಗ್ಗುತ್ತದೆ? ಇಬ್ಬರು ಕುಳಿತ ರೇವಾದ ತೂಕ ಸುಮಾರು 800 ಕೆ.ಜಿ. ಬಂದರಿನ ಕಡೆಯಿಂದ ಕದ್ರಿಯತ್ತ 50 ಮೀಟರ್ ಎತ್ತರಕ್ಕೆ ಏರಲು ಸುಮಾರು 0.11 ಯೂನಿಟ್ ಹೆಚ್ಚುವರಿ ವಿದ್ಯುತ್ ಬೇಕು. ಸಮತಟ್ಟಿನಲ್ಲಿ ಒಂದು ಕಿ.ಮೀ. ಓಡುವ ಖರ್ಚೂ ಹೆಚ್ಚುಕಡಿಮೆ ಅಷ್ಟೇ. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸು ಬರುತ್ತದೆ. ಆದ್ದರಿಂದ ಊರೊಳಗಿನ ಗುಡ್ಡಗಳು ರೇವಾಕ್ಕೆ ಭಾರವಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಏರಲು ಮಾತ್ರವೇ ಎರಡೂವರೆ ಯೂನಿಟ್, ಅಂದರೆ ಬ್ಯಾಟರಿಯ ಕಾಲು ಭಾಗ ಹೋಗುತ್ತದೆ.

ಲೆಡ್-ಆಸಿಡ್ ಬ್ಯಾಟರಿಗೆ ಇನ್ನೂ ಮೂರು ಕೊರತೆಗಳಿವೆ. ವಿದ್ಯುತ್ತನ್ನು ಬೇಗ ಬೇಗ ಎಳೆದುಕೊಂಡಷ್ಟೂ ಒಟ್ಟು ಸಿಗುವುದು ಕಡಿಮೆ. ಪೂರ್ತಿ ಖಾಲಿ ಮಾಡಿ ಹಾಗೇ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಸೆಕೆಯಂತೂ ಅದಕ್ಕೆ ಶತ್ರು: ಉಷ್ಣಾಂಶ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಕೆಲವೇ ವರ್ಷಗಳಿಗೊಮ್ಮೆ ಎಂಟೂ ಬ್ಯಾಟರಿ ಬದಲಿಸುವ ಖರ್ಚು ಮಾಲೀಕನ ತಲೆಯ ಮೇಲೆ ಬೀಳುತ್ತಿತ್ತು.

ನೂರು ವರ್ಷ ಹಿಂದೆ ಅಮೆರಿಕದಲ್ಲೂ ಹೀಗೇ ಆಗಿತ್ತು. ಕುದುರೆ ಗಾಡಿ ಮಾಡುತ್ತಿದ್ದ ಆಂಡರ್ಸನ್ ಕಂಪನಿ 1907ರಿಂದ ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಕಾರುಗಳನ್ನು ತಯಾರಿಸಿತು. ಹೊಗೆಯಿಲ್ಲ, ಸದ್ದಿಲ್ಲ, ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವ ಕಷ್ಟವಿಲ್ಲ. ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಕೂಡ ಅದನ್ನೇ ಓಡಿಸುತ್ತಿದ್ದರು. ಆದರೆ ಫೋರ್ಡರ ಮಾಡೆಲ್ ಟಿ ವರ್ಷವರ್ಷವೂ ಅಗ್ಗವಾಯಿತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದು ಹ್ಯಾಂಡಲ್ಲಿನ ಕಷ್ಟವನ್ನೂ ನೀಗಿತು. ಸುಮಾರು 13,000 ಕಾರುಗಳನ್ನು ಮಾಡಿ, 1939ರ ಹೊತ್ತಿಗೆ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿ ಮುಚ್ಚಿತು.

ರೇವಾಕ್ಕೆ ಇನ್ನೊಂದು ಪೆಟ್ಟೂ ಬಿತ್ತು. ಯುರೋಪಿನಲ್ಲಿ ಅದು ಕಾರಲ್ಲ, ನಾಲ್ಕು ಚಕ್ರದ ಲಘು ವಾಹನ ಎಂದು ನೋಂದಣಿಯಾಗಿತ್ತು. ಆ ವರ್ಗಕ್ಕೆ ಕಾರಿನ ಡಿಕ್ಕಿ ಪರೀಕ್ಷೆಗಳು ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಡಿಕ್ಕಿ ಪರೀಕ್ಷೆ ಮಾಡಿದಾಗ ಅದರ ದೌರ್ಬಲ್ಯ ಬಯಲಾಯಿತು. ತೂಕವೆಲ್ಲ ಬ್ಯಾಟರಿಗೇ ಹೋದಾಗ ರಕ್ಷಣೆಯ ಉಕ್ಕಿಗೆ ಉಳಿಯುವುದು ಕಡಿಮೆ. 2009ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಮಾದರಿ ಬಂತಾದರೂ ಆಗ ಆ ಬ್ಯಾಟರಿ ತುಂಬ ದುಬಾರಿ. ಮೇ 2010ರಲ್ಲಿ ಕಂಪನಿಯ ಶೇ. 55.2 ಪಾಲು ಮಹೀಂದ್ರ ಕೈಸೇರಿತು. ಅಷ್ಟು ವರ್ಷಗಳಲ್ಲಿ 26 ದೇಶಗಳಿಗೆ ಹೋದ ರೇವಾ ಕಾರುಗಳು ಐದು ಸಾವಿರವನ್ನೂ ಮುಟ್ಟಲಿಲ್ಲ. 2013ರಲ್ಲಿ ಬಂದ ಉತ್ತರಾಧಿಕಾರಿ ‘ಇ2ಒ’ ಸರಣಿಯೂ 2019ರಲ್ಲಿ ನಿಂತಿತು.

ಇಂದು ಕಾಲು ಟನ್ನಿನ ಲಿಥಿಯಂ ಬ್ಯಾಟರಿಯಲ್ಲಿ ರೇವಾದ ನಾಲ್ಕು ಪಟ್ಟು ವಿದ್ಯುತ್ ಹಿಡಿಸುತ್ತದೆ. ಕಂಪನಿಗಳು ಆ ಲಾಭವನ್ನೆಲ್ಲ ದೊಡ್ಡ, ಭಾರದ ಕಾರುಗಳಿಗೆ ಸುರಿಯುತ್ತಿವೆ. ದಿನಕ್ಕೆ ಮೂವತ್ತು ಕಿ.ಮೀ. ತಿರುಗುವವರೂ ನಾನೂರು ಕಿ.ಮೀ. ಬ್ಯಾಟರಿಗೆ ದುಡ್ಡು ಸುರಿದು, ಅದನ್ನು ದಿನವೂ ಹೊತ್ತು ಓಡಾಡುತ್ತಾರೆ. ಅದೇ ಲಿಥಿಯಂನಲ್ಲಿ ಎರಡು ಮೂರು ಚಿಕ್ಕ ಕಾರುಗಳಾಗುತ್ತಿದ್ದವು. ಊರೊಳಗಿನ ಓಡಾಟಕ್ಕೆ ಚಿಕ್ಕ ಕಾರು, ಚಿಕ್ಕ ಬ್ಯಾಟರಿ ಸಾಕು ಎಂಬ ರೇವಾದ ಲೆಕ್ಕ 1994ರಲ್ಲೇ ಸರಿಯಿತ್ತು. ಆಗ ಕೊರತೆಯಿದ್ದದ್ದು ಹಗುರ ಬ್ಯಾಟರಿ ಮತ್ತು ಗಟ್ಟಿ ಚೌಕಟ್ಟು. ಈಗ ಎರಡೂ ನಮ್ಮ ಕೈಯಲ್ಲಿವೆ. ಮಂಗಳೂರಿನಂಥ ನಗರಗಳಿಗೆ ಒಪ್ಪುವ ಸುರಕ್ಷಿತ ಪುಟ್ಟ ಕಾರನ್ನು ಮತ್ತೆ ಕಟ್ಟಲು ಇದಕ್ಕಿಂತ ಒಳ್ಳೆಯ ಕಾಲ ಹಿಂದೆಂದೂ ಬಂದಿರಲಿಲ್ಲ.